ತೆರೆದು ಮುಚ್ಚುವ ಮಾಳಿಗೆ

ಕಳ್ಳಕವಟಗಿ,
ಗುರುವಾರ, ೧೭ ಏಪ್ರಿಲ್ ೨೦೨೫

ನನ್ನ ಮಗಳು ನಂದಾಗೆ,

ಅವ್ವನ ಆಶೀರ್ವಾದ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆಯಲು ಹೋದರೆ ಪೆನ್ನು ಮುಂದೆ ಸರಿಯಲಿಲ್ಲ. ಅದಕ್ಕೇ ಅದನ್ನು ಬಿಟ್ಟು ಮೊದಲು ಹೇಳಬೇಕಾದದ್ದನ್ನೇ ಹೇಳುತ್ತೇನೆ. ಭಾನುವಾರದ ಪಂದ್ಯ ಆಡಬೇಡ. ಕಾಲು ಉಳುಕಿದೆ ಎನ್ನು, ಜ್ವರ ಎನ್ನು, ನಿಮ್ಮ ಕೋಚ್ ಮೇಡಂಗೆ ಏನು ಬೇಕಾದರೂ ಹೇಳು. ಈ ಒಂದು ಸಲ ಹಾಸ್ಟೆಲಿನ ಕೋಣೆಯಲ್ಲೇ ಇದ್ದುಬಿಡು.

ನೀನು ಈಗ ಹುಬ್ಬು ಗಂಟು ಹಾಕಿರುತ್ತೀ. ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸುವ ಪಂದ್ಯ ಅದು, ನನಗೂ ಗೊತ್ತು. ಕಾರಣ ಹೇಳದೆ ಬೇಡ ಎಂದರೆ ನೀನು ಕೇಳುವವಳಲ್ಲ, ಹೇಳಿದರೂ ಕೇಳುವವಳಲ್ಲ. ಆದರೂ ಹೇಳುತ್ತೇನೆ. ವಾರದ ದಿನಗಳಲ್ಲಿ ನಿನ್ನ ಫೋನು ವಾರ್ಡನ್ ಕಪಾಟಿನಲ್ಲಿರುತ್ತದೆ, ನನ್ನದು ಎಲ್ಲಿದೆ ಎಂಬುದು ಮುಂದೆ ತಿಳಿಯುತ್ತದೆ. ನಾನೀಗ ತವರಿನಲ್ಲಿ, ನಿನ್ನ ಆಯಿಯ ಮನೆಯಲ್ಲಿದ್ದೇನೆ. ಆಯಿಯ ಓಣಿಯ ಮಲ್ಲಿಕಸಾಬ ಕಾಕಾ ನಾಳೆ ಒಣದ್ರಾಕ್ಷಿಯ ಬಾಕ್ಸು ಹೇರಿಕೊಂಡು ಹುಬ್ಬಳ್ಳಿಗೆ ಹೊರಟಿದ್ದಾನೆ. ದಾರಿಯಲ್ಲಿ ಧಾರವಾಡಕ್ಕೆ ಬಂದು ಈ ಪತ್ರವನ್ನು ನಿನ್ನ ಕೈಗೇ ಕೊಡುತ್ತೇನೆ, ಗೇಟಿನವರಿಗೆ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಶನಿವಾರ ಫೋನು ಕೈಗೆ ಬಂದ ಕೂಡಲೆ ನಿನಗೆ ನನ್ನದೊಂದು ವಿಡಿಯೋ ಕಾಣಿಸುತ್ತದೆ. ಊರೆಲ್ಲ ನೋಡಿ ನಕ್ಕ ವಿಡಿಯೋ. ಅದನ್ನು ನೋಡುವ ಮೊದಲು ಇದನ್ನು ಓದಿ ಮುಗಿಸು.

ಸ್ಟೇಡಿಯಮ್ಮಿನ ಸಂಗತಿ ನಿನಗೆ ಅರ್ಧ ಗೊತ್ತು. ನಾನು ಸದಸ್ಯೆಯಾಗಿರುವ ಪಾಲಿಕೆಯಲ್ಲಿ ನಮ್ಮ ಗುಂಪನ್ನು ನಡೆಸುವ ಸಾವುಕಾರರು ಹೋದ ವರ್ಷ ಯಾವುದೋ ದೇಶಕ್ಕೆ ಹೋಗಿ ಫುಟ್‌ಬಾಲ್ ಪಂದ್ಯ ನೋಡಿ ಬಂದರು. ಆಟದ ನಡುವೆ ಮಳೆ ಬಂತಂತೆ, ಮೈದಾನದ ಮೇಲಿನ ಮಾಳಿಗೆ ತಾನಾಗಿಯೇ ಸರಿದು ಮುಚ್ಚಿಕೊಂಡಿತಂತೆ, ಒಬ್ಬರ ಅಂಗಿಯೂ ತೊಯ್ಯಲಿಲ್ಲವಂತೆ. ಬಂದವರೇ ವಿಜಯಪುರಕ್ಕೂ ಅಂಥದ್ದೇ ಬೇಕು ಎಂದು ಹಟ ಹಿಡಿದರು. ನಮ್ಮ ಊರಿನಲ್ಲಿ ಅಂಗಿ ತೊಯ್ಯುವಂಥ ಮಳೆ ವರ್ಷಕ್ಕೆ ಎಷ್ಟು ಸಲ ಬರುತ್ತದೆ ಎಂದು ಅವರ ಮುಂದೆ ಕೇಳುವ ಎದೆ ಯಾರಿಗೂ ಇರಲಿಲ್ಲ. ಕಟ್ಟುವವರು ಹೊರಗಿನವರು, ಹಣ ಮಾತ್ರ ಮಹಾನಗರ ಪಾಲಿಕೆಯದು. ಅಂದರೆ ಸಾಲ ತೆಗೆದು ಕಟ್ಟಿಸಿ, ನಿನ್ನ ಮಕ್ಕಳ ಕಾಲದವರೆಗೂ ಊರಿನವರ ಕರದಿಂದ ತೀರಿಸಬೇಕು. ಅಲ್ಲಿಯವರೆಗೆ ಬಡಾವಣೆಗಳ ಗಟಾರು, ನೀರಿನ ಪೈಪು ಎಲ್ಲ ಬಾಯಿ ಮುಚ್ಚಿಕೊಂಡು ಕೂಡಬೇಕು. ಅಥಣಿ ರಸ್ತೆಯ ನಮ್ಮ ವಾರ್ಡಿನಲ್ಲಿ ನಲ್ಲಿಗೆ ನೀರು ವಾರಕ್ಕೊಮ್ಮೆ ಬರುವುದು ನಿನಗೆ ನೆನಪಿರಬೇಕು.

ಬಿಸಿಲಿಗೂ ಮುಚ್ಚಬಹುದು ಎಂಬ ಮಾತನ್ನು ಅವರು ಆಮೇಲೆ ಸೇರಿಸಿದರು. ಆ ಒಂದು ಮಾತು ಮಾತ್ರ ನನ್ನ ಬಾಯಿ ಕಟ್ಟಿತ್ತು. ಹೋದ ಬೇಸಿಗೆಯಲ್ಲಿ ನೀನು ಆಟದ ನಡುವೆ ಕಣ್ಣು ಮೇಲೆ ಮಾಡಿ ಬಿದ್ದದ್ದನ್ನು ನಾನು ಬೇಲಿಯ ಆಚೆ ನಿಂತು ನೋಡಿದವಳು. ನಿನ್ನನ್ನು ಎತ್ತಿ ತಂದು ಮಲಗಿಸಲು ಆ ಬಯಲಿನಲ್ಲಿ ಒಂದು ಗಿಡದ ನೆರಳೂ ಇರಲಿಲ್ಲ. ನಿಮ್ಮಪ್ಪ ತಮ್ಮ ಅಂಗಿ ಬಿಚ್ಚಿ ನಿನ್ನ ಮುಖದ ಮೇಲೆ ಹಿಡಿದು ನಿಂತಿದ್ದರು. ಅದೇ ವಾರ ನಿನ್ನ ಫೋಟೊ ಸಾವುಕಾರರ ಕಡೆಯವರಿಗೆ ಹೋಯಿತು. ಕೊಟ್ಟವರು ನಿಮ್ಮಪ್ಪನೇ. ಅಥಣಿ ರಸ್ತೆಯ ಉದ್ದಕ್ಕೂ ಕಂಬ ಕಂಬಕ್ಕೆ ಫ್ಲೆಕ್ಸು. ಚೆಂಡು ಬಗಲಲ್ಲಿ ಹಿಡಿದು ನಗುವ ನೀನು, ಕೆಳಗೆ ‘ನಮ್ಮ ಮಕ್ಕಳ ಕನಸಿಗೊಂದು ಮಾಳಿಗೆ’ ಎಂಬ ಬರಹ. ನೀನು ಫೋನಿನಲ್ಲಿ ಕುಣಿದಾಡಿದ್ದು ನನಗೆ ನೆನಪಿದೆ. ‘ಅವ್ವಾ, ಈ ಸಲ ಸಭಾದಾಗ ನೀ ಮೊದಲ ಕೈ ಎತ್ತಬೇಕು ಬೇ’ ಎಂದಿದ್ದೆ. ನಾನು ಹೂಂ ಎಂದಿದ್ದೆ.

ಮಾಳಿಗೆ ಹೇಗೆ ಸರಿಯುತ್ತದೆ ಎಂಬುದನ್ನು ಪಾಲಿಕೆಯ ಸಭಾಭವನದಲ್ಲಿ ನಮಗೆಲ್ಲ ಪರದೆಯ ಮೇಲೆ ತೋರಿಸಿದರು. ಬಹಳ ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಗೋಲಗುಮ್ಮಟ ಕಟ್ಟಿದ ಊರಿಗೆ ಇದೊಂದು ಮಾಳಿಗೆ ಭಾರವೇ ಎಂದು ಸಾವುಕಾರರು ಕೇಳಿದರು. ಬಾರಾಕಮಾನು ಕಟ್ಟಿದ್ದೂ ಇದೇ ಊರು, ಅದಕ್ಕೆ ಇನ್ನೂ ಮಾಳಿಗೆ ಬರಬೇಕಾಗಿದೆ ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು, ಸಾವುಕಾರರೂ ನಕ್ಕರು. ಗಾಳಿ ಬಂದಾಗ ತೂರಿಕೊಳ್ಳಬೇಕು, ಇಂಥ ಕಾಲ ಮತ್ತೆ ಬರುವುದಿಲ್ಲ ಎಂದರು. ಅವರು ಗಾಳಿ ಎಂದದ್ದೇ ತಡ, ನನ್ನ ಬಾಯಿಂದ ಪ್ರಶ್ನೆ ಹೊರಟುಬಿಟ್ಟಿತು. ಗಾಳಿ ಜೋರಾಗಿ ಬಂದಾಗ ಅದನ್ನು ಮುಚ್ಚುವವರು ಯಾರು ಎಂದೆ. ತೋರಿಸುತ್ತಿದ್ದ ಇಂಜಿನಿಯರ್ ಹುಡುಗ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ನೋಡಿಕೊಳ್ಳುವ ಜವಾಬ್ದಾರಿ ಮಾತ್ರ ಪಾಲಿಕೆಯದು ಎಂದು ನಯವಾಗಿ ಹೇಳಿದ. ಹೊರಗೆ ಮಟಮಟ ಮಧ್ಯಾಹ್ನ ನಮ್ಮ ಪಾಲಿಕೆಯ ಬೀದಿದೀಪಗಳು ಉರಿಯುತ್ತಿದ್ದವು. ಅವನ್ನು ಆರಿಸುವವರಿಲ್ಲ.

ಗಾಳಿ ಎಂದರೆ ನಾನು ಮಂಚದ ಕೆಳಗೆ ಸೇರುವವಳು ಎಂದು ನೀನು ಸಣ್ಣವಳಿದ್ದಾಗಿನಿಂದ ಆಡಿಕೊಂಡು ನಗುತ್ತೀ. ನಗು. ಆದರೆ ನಿನ್ನ ಮುತ್ಯಾನ, ನನ್ನ ಅಪ್ಪನ, ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ ಎಂಬುದನ್ನು ನೀನೂ ನೋಡಿದ್ದೀ. ಅದು ಆದಾಗ ನಾನು ನಿನ್ನಷ್ಟು ದೊಡ್ಡವಳೂ ಇರಲಿಲ್ಲ. ಶೆಡ್ಡಿನಲ್ಲಿ ದ್ರಾಕ್ಷಿ ಒಣಹಾಕಿದ್ದೆವು. ಸಂಜೆ ಮುಂದೆ ಪಶ್ಚಿಮದಲ್ಲಿ ಕಪ್ಪಾಯಿತು. ಬದಿಯ ತಾಡಪತ್ರಿ ಇಳಿಬಿಡಬೇಕಾದವರು ಟಿಕೋಟಾದ ಸಂತೆಗೆ ಹೋಗಿದ್ದರು. ಅಪ್ಪ ಒಬ್ಬನೇ ಹಗ್ಗ ಹಿಡಿದು ಎಳೆಯುತ್ತಿದ್ದ. ಗಾಳಿ ಶೆಡ್ಡಿನ ಒಳಗೆ ಹೊಕ್ಕು ಮೇಲಿನ ತಗಡನ್ನು, ಮೇಲಿಟ್ಟ ಕಲ್ಲು ಸಮೇತ ಎತ್ತಿ ಒಗೆಯಿತು. ತಗಡು ಬಂದು ಅಪ್ಪನ ಭುಜಕ್ಕೆ ಬಡಿಯಿತು. ಅಂದಿನಿಂದ ತೆರೆದು ಮುಚ್ಚುವ ಯಾವುದನ್ನು ನೋಡಿದರೂ ನನಗೆ ಮುಚ್ಚುವವರು ಎಲ್ಲಿದ್ದಾರೆ ಎಂಬ ಚಿಂತೆ ಮೊದಲು ಬರುತ್ತದೆ. ಆ ಪರದೆಯ ಮೇಲೆ ಸರಿಯುವ ಮಾಳಿಗೆಯ ಕೆಳಗೆ ಸಾವಿರಾರು ಮಂದಿ ಕುಳಿತಿದ್ದರು. ನಡುವೆ ಚೆಂಡಿನ ಹಿಂದೆ ಓಡುವ ಹುಡುಗಿಯರ ಮುಖ ಕಾಣಿಸುತ್ತಿರಲಿಲ್ಲ. ನನಗೆ ಎಲ್ಲರ ಮುಖವೂ ನಿನ್ನದೇ ಆಗಿ ಕಂಡಿತು.

ನನ್ನ ಅಂಜಿಕೆಗೆ ಊರಿನ ಲೆಕ್ಕ ಕಟ್ಟಬಾರದು ಎಂದು ನಾನೇ ನನಗೆ ಬಹಳ ಹೇಳಿಕೊಂಡೆ. ಮಾಳಿಗೆ ಗಟ್ಟಿಯಾಗಿಯೇ ಇರಬಹುದು, ನಾನು ಇಂಜಿನಿಯರ್ ಅಲ್ಲ. ಆದರೆ ವಾರ್ಡಿನ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದಾಗ ನಾನು ಏನು ಹೇಳಲಿ? ಮತ್ತೆ, ಫುಟ್‌ಬಾಲ್ ಆಡುವ ಹುಡುಗಿಯರಿಗೆ ಬೇಕಾದದ್ದು ನಾಲ್ಕು ಗಿಡ, ಒಂದು ನಲ್ಲಿ, ಬಟ್ಟೆ ಬದಲಿಸಲು ಚಿಲಕ ಇರುವ ಒಂದು ಕೋಣೆ. ಇದನ್ನು ನಿಮ್ಮಪ್ಪನ ಮುಂದೆ ಹೇಳಿದೆ. ಊಟ ಮಾಡುತ್ತಿದ್ದವರು ರೊಟ್ಟಿ ಬಿಟ್ಟು ಎದ್ದರು. ಸಾವುಕಾರರ ಮುಂದೆ ಮಾತು ಕೊಟ್ಟಾಗಿದೆ, ಈ ಊರಲ್ಲಿ ಇನ್ನು ಮುಂದೆಯೂ ನಾವು ಬಾಳಬೇಕು ಎಂದರು. ಅವರದೂ ಸುಳ್ಳಲ್ಲ. ಅವರ ಅಂಗಡಿ, ಅವರ ಜನ, ಅವರ ನಾಳೆ ಎಲ್ಲವೂ ಸಾವುಕಾರರ ನೆರಳಿನಲ್ಲಿದೆ. ಅತ್ತ ದರಿ, ಇತ್ತ ಪುಲಿ ಎಂಬಂತೆ ಆಗಿತ್ತು ನನ್ನ ಪಾಡು.

ನನ್ನ ಜೊತೆ ಸಾಲಿ ಕಲಿತ ಯಶೋಧರಾ ಆಂಟಿ ನಿನಗೆ ಗೊತ್ತಲ್ಲ, ಅವಳೂ ಈಗ ಬೇರೆ ವಾರ್ಡಿನ ಸದಸ್ಯೆ. ಅವಳು ಮೊದಲಿನಿಂದಲೂ ಸ್ಟೇಡಿಯಮ್ಮಿನ ಈ ಠರಾವಿಗೆ ವಿರೋಧ ಎಂದು ಬಾಯಿಬಿಟ್ಟು ಹೇಳಿದವಳು. ಹೋದ ವಾರ ಅವಳ ಮನೆಯ ಕಿಟಕಿಗೆ ಕಲ್ಲು ಬಿತ್ತು. ಗಾಜಿನ ಚೂರು ಅವಳ ಗಂಡ ಪ್ರತಾಪ ಅಣ್ಣನ ಹುಬ್ಬಿಗೆ ತಾಗಿತು. ಯಾರು ಒಗೆದರು ಎಂದು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಗೊತ್ತು. ನಾನು ಕಾಯಿಪಲ್ಯೆ ತರುವ ನೆವ ಮಾಡಿ ಅವಳನ್ನು ನೋಡಲು ಹೋದೆ. ನನಗೆ ಅಂಜಿಕೆಯಾಗಿದೆ ಎಂದು ಹೇಳಿದೆ. ಅವಳು ಗಾಜು ಗುಡಿಸುತ್ತಲೇ, ‘ಅಂಜಬ್ಯಾಡ ಅಂತ ನಾ ಹೇಳಾಂಗಿಲ್ಲ ರಾಜಿ. ನಾನೂ ಅಂಜೇನಿ. ಅಂಜಿಕೋತನ ಮಾಡೂದ ಮಾಡು’ ಎಂದಳು. ಚಹಾ ಕೊಟ್ಟಳು. ಕುಡಿದು ಎದ್ದು ನಾನೂ ಅವಳ ಜೊತೆ ಗಾಜಿನ ಚೂರು ಆರಿಸಿದೆ.

ಮತದ ದಿನ ಹತ್ತಿರ ಬಂದಾಗ ನಮ್ಮ ಗುಂಪಿನವರನ್ನೆಲ್ಲ ಬಬಲೇಶ್ವರದ ಆಚೆ ಒಂದು ದ್ರಾಕ್ಷಿ ತೋಟದ ಬಂಗಲೆಗೆ ಒಯ್ದರು. ಅದಕ್ಕೆ ಪ್ರವಾಸ ಎಂದು ಹೆಸರು. ಗೇಟು ದಾಟುತ್ತಲೇ ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟು ಹಿಡಿದು ಒಬ್ಬ ನಿಂತಿದ್ದ, ಎಲ್ಲರೂ ಅದರಲ್ಲಿ ಫೋನು ಹಾಕಬೇಕು. ನನ್ನ ಫೋನು ಹೋದದ್ದು ಅಲ್ಲಿಗೆ. ಊಟಕ್ಕೆ ಹೋಳಿಗೆ, ಮಲಗಲು ತಣ್ಣನೆಯ ಕೋಣೆ, ಗೇಟಿಗೆ ಬೀಗ. ಹಿರಿಯ ಸದಸ್ಯೆ ರಾಚವ್ವ ನನ್ನ ಪಕ್ಕದ ಹಾಸಿಗೆಯಲ್ಲಿದ್ದಳು. ಇಷ್ಟು ವರ್ಷ ತನ್ನ ವಾರ್ಡನ್ನು ತನ್ನ ಮಗನೇ ನೋಡಿಕೊಳ್ಳುತ್ತಾನೆ, ತಾನು ಸೀರೆ ಉಟ್ಟು ಬಂದು ಕೂಡುವುದಷ್ಟೇ ಎಂದು ಹೇಳಿದಳು. ಬೇಸರವಿಲ್ಲವೇ ಎಂದು ಕೇಳಿದೆ. ‘ಕೈ ಅವರದವ್ವಾ. ಕೈಯಾಗಿನ ಬಳಿ ಅಷ್ಟ ನಮ್ಮವು’ ಎಂದು ನಕ್ಕಳು.

ಎರಡನೆಯ ದಿನ ಪಡಸಾಲೆಯಲ್ಲಿ ತಾಟಿನ ತುಂಬ ಭಂಡಾರ, ದೇವರ ಅರಿಷಿಣದ ಪುಡಿ, ತಂದಿಟ್ಟರು. ಮುಟ್ಟಿ ಆಣೆ ಮಾಡಬೇಕು, ಯಾರೂ ಮಾತಿಗೆ ತಪ್ಪಬಾರದು. ಹೆಣ್ಣುಮಕ್ಕಳಿಗೆ ಯಾಕೆ ತೊಂದರೆ ಎಂದು ನಮ್ಮನ್ನು ಒಳಗೇ ಕೂಡಿಸಿದರು. ನಮ್ಮ ಪರವಾಗಿ, ಜೊತೆಗೆ ಬಂದಿದ್ದ ಗಂಡಂದಿರು, ಮಕ್ಕಳು ಮುಟ್ಟಿದರು. ನಾನು ಬಾಗಿಲಿನ ಸಂದಿಯಿಂದ ನೋಡುತ್ತಿದ್ದೆ. ನಿಮ್ಮಪ್ಪನ ಸರದಿ ಬಂದಾಗ ಸಾವುಕಾರರು ಅವರನ್ನು ನೋಡಿ, ಏನಪ್ಪಾ ಸಂಗನಬಸವ, ನಿನ್ನ ಹೆಂಡತಿ ಅಂದು ಗಾಳಿಯ ಪ್ರಶ್ನೆ ಕೇಳಿದವಳಲ್ಲವೇ ಎಂದು ನಗುತ್ತಲೇ ಕೇಳಿದರು. ಅಂಜಿದವರ ಮೇಲೆ ಕಪ್ಪೆ ಒಗೆದಂತೆ ಆಯಿತು. ನಿಮ್ಮಪ್ಪ ಭಂಡಾರವನ್ನು ಮುಷ್ಟಿಯ ತುಂಬ ಹಿಡಿದು, ‘ನನ್ನ ಮಗಳ ಮ್ಯಾಲ ಆಣಿ ಮಾಡ್ತೇನ್ರಿ. ಕೈ ಏಳಲಿಲ್ಲಂದ್ರ ನನ್ನ ನಂದಾಗ ತಟ್ಟಲಿ’ ಎಂದರು.

ನಂದಾ, ನಾನು ಹೊಸ್ತಿಲಲ್ಲಿ ಕುಸಿದು ಕುಳಿತೆ. ಅವರು ಒಳಗೆ ಬಂದಾಗ ಬೆರಳುಗಳೆಲ್ಲ ಹಳದಿಯಾಗಿದ್ದವು. ಮಗಳ ಹೆಸರು ಯಾಕೆ ತೆಗೆದಿರಿ ಎಂದು ಕೇಳಿದೆ. ನೀನು ಕೈ ಎತ್ತಿದರೆ ಆಯಿತಲ್ಲ, ಆಣೆ ಯಾಕೆ ತಟ್ಟುತ್ತದೆ ಎಂದರು. ಅದು ಅವರ ಲೆಕ್ಕ. ನನ್ನ ಮುಂದೆ ಈಗ ಒಂದು ಕಡೆ ಊರಿನ ಕೊಡಗಳು, ಇನ್ನೊಂದು ಕಡೆ ನಿನ್ನ ತಲೆ. ಆಣೆಗೀಣೆ ಸುಳ್ಳು ಎಂದು ಎಷ್ಟು ಸಲ ಹೇಳಿಕೊಂಡರೂ, ನೀನು ಅಂದು ಬಿಸಿಲಿನಲ್ಲಿ ಬಿದ್ದ ರೀತಿಯೇ ಕಣ್ಣಿಗೆ ಕಟ್ಟುತ್ತಿತ್ತು. ಕೈ ಎತ್ತಿಬಿಡುತ್ತೇನೆ ಎಂದು ನಿರ್ಧಾರ ಮಾಡಿದೆ. ಹೌದು, ಮಾಡಿದ್ದೆ.

ನಿನ್ನೆ ನಮ್ಮನ್ನು ಬಂಗಲೆಯಿಂದ ನೇರವಾಗಿ ಸಭೆಗೆ ತಂದು ಇಳಿಸಿದರು. ಗಂಡಸರ ಫೋನು ಮಾತ್ರ ದಾರಿಯಲ್ಲಿ ಮರಳಿ ಕೊಟ್ಟಿದ್ದರು. ಬಸ್ಸಿನ ಕಿಟಕಿಯಿಂದ ಕಂಬ ಕಂಬಕ್ಕೆ ನೀನು ಕಾಣುತ್ತಿದ್ದೆ. ಒಂದು ಫ್ಲೆಕ್ಸು ಗಾಳಿಗೆ ಹರಿದು ನಿನ್ನ ಹಣೆಯ ಭಾಗ ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಕಣ್ಣು ಮುಚ್ಚಿದೆ.

ಸಭಾಭವನದಲ್ಲಿ ಸದಸ್ಯೆಯರ ಹಿಂದೆ ಒಂದು ಸಾಲು ಕುರ್ಚಿ ಹಾಕಿರುತ್ತಾರೆ. ನಿಯಮದಲ್ಲಿ ಅಂಥ ಸಾಲು ಇಲ್ಲ, ಆದರೆ ಮೊದಲು ಚಹಾ ಬರುವುದು ಅದೇ ಸಾಲಿಗೆ. ಜವಾನರು ಅದನ್ನು ಗಂಡಂದಿರ ಸಾಲು ಎನ್ನುತ್ತಾರೆ. ನಿಮ್ಮಪ್ಪ ಯಾವಾಗಲೂ ನನ್ನ ನೇರ ಹಿಂದೆ ಕೂಡುತ್ತಿದ್ದರು. ಎತ್ತು ಎಂದರೆ ನಾನು ಎತ್ತುತ್ತಿದ್ದೆ. ನಾನು ಮಾತಿನಲ್ಲಿದ್ದು ತಡವಾದರೆ ತಾವೇ ಎತ್ತಿಬಿಡುತ್ತಿದ್ದರು, ಎಣಿಸುವವರು ಅದನ್ನು ನನ್ನ ಹೆಸರಿಗೆ ಬರೆದುಕೊಳ್ಳುತ್ತಿದ್ದರು. ನಮ್ಮಲ್ಲಿ ಇದು ತಪ್ಪು ಎಂದು ಯಾರಿಗೂ ಅನಿಸಿರಲಿಲ್ಲ. ನಿನ್ನೆಯೂ ಹಾಗೆಯೇ ನಡೆಯಿತು.

ಪರ ಇರುವವರು ಕೈ ಎತ್ತಿ ಎಂದಾಗ ನಾನು ಎತ್ತಬೇಕೆಂದೇ ಇದ್ದೆ. ಕೈ ಸೆರಗಿನೊಳಗೆ ಕುರ್ಚಿಯ ಹಿಡಿ ಹಿಡಿದುಕೊಂಡಿತ್ತು, ಬಿಡಲಿಲ್ಲ. ಬಿಡಿಸಿಕೊಳ್ಳಲು ನೋಡುತ್ತಿದ್ದೆ. ಅಷ್ಟರಲ್ಲಿ ಎಣಿಸುವ ಅಧಿಕಾರಿ ನಮ್ಮ ಸಾಲಿಗೆ ಬಂದು, ರಾಜೇಶ್ವರಿ ಮೇಡಂ ಪರ ಎಂದು ಹೇಳಿ ಮುಂದೆ ಹೋದರು. ನಾನು ನನ್ನ ಕೈ ನೋಡಿಕೊಂಡೆ, ಅದು ಸೆರಗಿನೊಳಗೇ ಇತ್ತು. ಹಿಂದೆ ತಿರುಗಿ ನೋಡಿದೆ. ನಿಮ್ಮಪ್ಪನ ಬಲಗೈ ಮೇಲೆ ಎದ್ದಿತ್ತು. ಎಡಗೈಯಲ್ಲಿ ಫೋನು ಹಿಡಿದು ಏನೋ ಓದುತ್ತಿದ್ದರು. ತಾವು ಕೈ ಎತ್ತಿದ್ದು ಅವರಿಗೇ ಗೊತ್ತಿರಲಿಲ್ಲ.

ಸುಮ್ಮನೆ ಕುಳಿತಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು. ಠರಾವು ಪಾಸಾಗುತ್ತಿತ್ತು, ಆಣೆ ಉಳಿಯುತ್ತಿತ್ತು, ನನ್ನ ಕೈಯೂ ಎದ್ದಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಅದೇ ನನ್ನನ್ನು ಎಬ್ಬಿಸಿತು ಎಂದು ಕಾಣುತ್ತದೆ. ನಾನು ಆ ಕುರ್ಚಿಯಲ್ಲಿ ಇದ್ದರೂ ಇಲ್ಲದಿದ್ದರೂ ಲೆಕ್ಕ ಒಂದೇ ಆಗುತ್ತಿತ್ತಲ್ಲ ಎಂದು ಸಿಟ್ಟು ಬಂತು. ಎದ್ದು ನಿಂತೆ.

‘ಆ ಕೈ ನಂದಲ್ರಿ ಸರ್. ನನ್ನ ಕೈ ಇಲ್ಲೆ ಅದಾವ’ ಎಂದೆ. ತೋರಿಸಲು ಎರಡೂ ಕೈ ಮೇಲೆತ್ತಿದೆ. ಹಾಗಾದರೆ ಮೇಡಮ್ಮನವರದು ಎರಡು ಮತ ಎಂದು ಯಾರೋ ಕೂಗಿದರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ವಿಡಿಯೋದಲ್ಲಿ ಇರುವುದು ಇಷ್ಟೇ. ಆಮೇಲೆ ನಾನು ಹೇಳಿದ್ದು ಆ ನಗುವಿನಲ್ಲಿ ಕೇಳಿಸುವುದಿಲ್ಲ. ‘ನಂದು ವಿರೋಧ ಐತ್ರಿ, ಹಂಗ ಬರಕೋರಿ’ ಎಂದೆ. ಯಶೋಧರಾ ಎದ್ದು ಗಂಡಂದಿರ ಸಾಲನ್ನು ಹೊರಗೆ ಕಳಿಸಿ ಮತ್ತೆ ಎಣಿಸಬೇಕು ಎಂದು ಪಟ್ಟು ಹಿಡಿದಳು. ಕಳಿಸಿದರು, ಎಣಿಸಿದರು. ರಾಚವ್ವನ ಮಗ ಹೊರಗೆ ಹೋದ ಮೇಲೂ ಅವಳು ಪರವೇ ಕೈ ಎತ್ತಿದಳು, ಅದು ಅವಳ ಇಷ್ಟ. ಒಂದೇ ಮತ ಕಡಿಮೆ ಬಿದ್ದು ಠರಾವು ಬಿದ್ದುಹೋಯಿತು.

ಯಾರೂ ನನ್ನನ್ನು ಮುಟ್ಟಲಿಲ್ಲ, ಬೈಯಲೂ ಇಲ್ಲ. ಅದೇ ಹೆಚ್ಚು ಅಂಜಿಕೆ. ಸಾವುಕಾರರು ಹೊರಗೆ ಹೋಗುವಾಗ ನನ್ನ ಮುಂದೆ ನಿಂತು, ಮಗಳು ಎಲ್ಲಿ ಓದುತ್ತಾಳೆ ತಂಗಿ ಎಂದು ಕೇಳಿದರು. ಧಾರವಾಡ ಎಂದು ಹೇಳಿಬಿಟ್ಟೆ. ಚೆನ್ನಾಗಿ ಆಡಲಿ ಎಂದರು. ನಿಮ್ಮಪ್ಪ ನನ್ನ ಕಡೆ ನೋಡಲೇ ಇಲ್ಲ, ಕಾರು ಹತ್ತಿ ಹೋದರು. ಯಶೋಧರಾ ನನ್ನನ್ನು ಸ್ಕೂಟಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟಳು. ಟಿಕೋಟಾದವರೆಗೂ ಬಿಳಿ ಬಣ್ಣದ ಒಂದು ಗಾಡಿ ಬಸ್ಸಿನ ಹಿಂದೆಯೇ ಬಂತು. ಟಿಕೋಟಾದಲ್ಲಿ ಅದು ಪಕ್ಕಕ್ಕೆ ಬಂದಾಗ ಒಳಗೆ ಬಾಸಿಂಗ ಕಟ್ಟಿದ ಮದುಮಗ ಕುಳಿತಿದ್ದ. ನನಗೆ ನಗು ಬಂತು, ಆ ನಗುವೇ ಅಳುವಾಯಿತು. ಪಕ್ಕದ ಹೆಣ್ಣುಮಗಳು ನೀರು ಕೊಟ್ಟಳು.

ತವರಿಗೆ ಬಂದು ಆಯಿಗೆ ಎಲ್ಲ ಹೇಳಿದೆ. ಆಣೆಯ ಸಂಗತಿಯನ್ನೂ ಹೇಳಿದೆ. ಕಾಳು ಹಸನು ಮಾಡುತ್ತಿದ್ದ ಮುರಿಗೆವ್ವ, ನಿನ್ನ ಆಯಿ, ಮೊರ ಕೆಳಗಿಟ್ಟು, ‘ಅವ ಹೇಳಿದಂಗ ಕೇಳಾಕ ದೇವ್ರೇನು ಅವನ ಹೇಣ್ತಿ ಏನ?’ ಎಂದು ಕೇಳಿದಳು. ನನಗೆ ಎಷ್ಟು ಧೈರ್ಯ ಬಂತೆಂದರೆ ಎರಡು ರೊಟ್ಟಿ ತಿಂದೆ. ಆದರೆ ಸಂಜೆ ನೋಡಿದರೆ ಅದೇ ಆಯಿ ದೇವರ ಜಗುಲಿಯ ಮುಂದೆ ನಿನ್ನ ಹೆಸರು ಹೇಳಿ ದೀಪ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಬತ್ತಿ ಸರಿಮಾಡುವವಳಂತೆ ತಿರುಗಿದಳು.

ಇಂದು ಮಧ್ಯಾಹ್ನದಿಂದ ಇಲ್ಲಿ ಗಾಳಿ ಎದ್ದಿದೆ. ಘೋಣಸಗಿಯ ಕಡೆ ಮೋಡ ಕಟ್ಟಿದೆ. ಆಯಿ ಕೆಳಗೆ ನಿಂತು ಹೇಳುತ್ತಿದ್ದಳು, ನಾನು ಏಣಿ ಹತ್ತಿ ಶೆಡ್ಡಿನ ತಗಡಿನ ಮೇಲೆ ಇನ್ನಷ್ಟು ಕಲ್ಲು ಹೇರಿದೆ. ಬದಿಯ ತಾಡಪತ್ರಿ ಇಳಿಬಿಟ್ಟು ಹಗ್ಗ ಕಟ್ಟಿ ಬಂದು ಈ ಪತ್ರ ಮುಂದುವರಿಸಿದ್ದೇನೆ. ಮಂಚದ ಕೆಳಗೆ ಹೋಗಿಲ್ಲ, ಮೇಲೆ ಕುಳಿತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಕಾರಣ ನಿನಗೆ ಗೊತ್ತಾಗುತ್ತದೆ.

ನೀನು ನನ್ನ ಮೇಲೆ ಸಿಟ್ಟಾಗುತ್ತೀ. ನಿನ್ನ ಕನಸಿಗೆ ನಾನೇ ಅಡ್ಡ ಬಂದೆ ಎಂದು ಅನಿಸುತ್ತದೆ. ಸಿಟ್ಟಾಗು. ನೆರಳು ಬೇಕು ಎಂಬ ನಿನ್ನ ಮಾತು ಸರಿಯೇ ಇತ್ತು. ಮುಂದಿನ ಸಭೆಯಲ್ಲಿ ಮೈದಾನಕ್ಕೆ ಗಿಡ, ನಲ್ಲಿ, ಕೋಣೆ ಕೇಳಿ ಮೊದಲ ಕೈ ಎತ್ತುವವಳು ನಾನೇ, ಅಷ್ಟರವರೆಗೆ ನನ್ನನ್ನು ಸದಸ್ಯೆಯಾಗಿ ಉಳಿಯಲು ಬಿಟ್ಟರೆ. ಮನೆಗೆ ಯಾವಾಗ ಹೋಗುತ್ತೇನೆ, ಹೋದರೆ ಬಾಗಿಲು ತೆರೆಯುತ್ತದೆಯೇ, ಇದಾವುದೂ ಈಗ ನನಗೆ ಗೊತ್ತಿಲ್ಲ.

ಬರೆದದ್ದನ್ನು ಮೊದಲಿನಿಂದ ಓದಿ ನೋಡಿದೆ. ಪಂದ್ಯ ಆಡಬೇಡ ಎಂದು ಮೊದಲೇ ಬರೆದಿದ್ದೇನೆ. ಆ ಸಾಲನ್ನು ಹೊಡೆದು ಹಾಕುವುದಿಲ್ಲ, ಬರೆದಾಗ ಅದು ನಿಜವೇ ಆಗಿತ್ತು. ಆದರೆ ನಿನ್ನನ್ನು ಕೋಣೆಯಲ್ಲಿ ಕೂಡಿಸಿದರೆ ಆ ಆಣೆ ನಿನಗೆ ತಟ್ಟಿದಂತೆಯೇ ಆಯಿತಲ್ಲ ಮಗಳೇ, ದೇವರ ಕೈಯಿಂದ ಅಲ್ಲ, ನನ್ನ ಕೈಯಿಂದ. ಗಾಳಿ ಬರುತ್ತದೆ ಎಂದು ಈ ಊರಿನಲ್ಲಿ ಯಾರೂ ದ್ರಾಕ್ಷಿ ಒಣಹಾಕುವುದನ್ನು ಬಿಟ್ಟಿಲ್ಲ. ಭಾನುವಾರ ಆಡು. ತಲೆ ತುಂಬ ನೀರು ಹಾಕಿಕೊಂಡು ಇಳಿ, ಬಾಯಾರುವ ಮೊದಲೇ ಕುಡಿ, ಗುಡುಗಿದರೆ ಮಾತ್ರ ಯಾರ ಮಾತೂ ಕೇಳದೆ ಬಯಲು ಬಿಟ್ಟು ಓಡು. ಗೊತ್ತಿಲ್ಲದವರು ಯಾರಾದರೂ ನಿನ್ನನ್ನು ಕೇಳಿಕೊಂಡು ಬಂದರೆ ವಾರ್ಡನ್ ಮೇಡಂ ಇಲ್ಲದೆ ಗೇಟಿಗೆ ಹೋಗಬೇಡ. ಪಂದ್ಯ ಮುಗಿದ ಕೂಡಲೆ ಯಶೋಧರಾ ಆಂಟಿಯ ನಂಬರಿಗೆ ಫೋನು ಮಾಡು. ಗೆದ್ದೆ, ಸೋತೆ ಎಂಬುದು ಆಮೇಲೆ. ಮೊದಲು, ಅವ್ವಾ, ಬಂದೆ ಎನ್ನು. ನನಗೆ ಅಷ್ಟು ಕೇಳಿಸಿದರೆ ಸಾಕು.

ನಿನ್ನ ಅಂಜುಬುರುಕ ಅವ್ವ,
ರಾಜೇಶ್ವರಿ

ತಾ.ಕ.: ಶುಕ್ರವಾರ ಬೆಳಿಗ್ಗೆ ಬರೆಯುತ್ತಿದ್ದೇನೆ, ಮಲ್ಲಿಕಸಾಬ ಕಾಕಾ ಗಾಡಿಗೆ ಹಗ್ಗ ಬಿಗಿಯುತ್ತಿದ್ದಾನೆ. ಈಗಷ್ಟೇ ನಿಮ್ಮಪ್ಪ ಮೋಟರ್ ಸೈಕಲ್ ಮೇಲೆ ಬಂದಿದ್ದರು. ಒಳಗೆ ಬರಲಿಲ್ಲ, ನನ್ನನ್ನು ಕೇಳಲಿಲ್ಲ. ಕಟ್ಟೆಯ ಹತ್ತಿರ ನಿಂತು ಆಯಿಯ ಕೈಗೆ ನನ್ನ ಫೋನನ್ನೂ ಕಾಗದದ ಒಂದು ಪುಡಿಕೆಯನ್ನೂ ಕೊಟ್ಟರು. ‘ಗುಡಿಗೆ ಹೋಗಿ ತಪ್ಪಾತು ಅಂತ ಕೇಳಿಕೊಂಡ ಬಂದೇನ್ರಿ ಅತ್ತಿ. ಇದು ನಂದಾಗ ಮುಟ್ಟಲಿ. ಆಡಾಕ ಇಳಿಯೂ ಮುಂದ ಹಣಿಗೆ ಹಚ್ಕೋ ಅನ್ರಿ. ನಾ ಕೊಟ್ಟೇನಂತ ಹೇಳಬ್ಯಾಡ್ರಿ’ ಎಂದರು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಕೊಟ್ಟ ಪುಡಿಕೆಯನ್ನು ಮರಳಿ ತೆಗೆದುಕೊಂಡು, ಬಿಚ್ಚದಂತೆ ಇನ್ನೊಮ್ಮೆ ಬಿಗಿಯಾಗಿ ಮಡಚಿ ಕೊಟ್ಟರು. ನಿನ್ನ ವಿಷಯದಲ್ಲಿ ನನ್ನಷ್ಟೇ ಅಂಜಿದವರು ಊರಿನಲ್ಲಿ ಇನ್ನೊಬ್ಬರಿದ್ದಾರೆ ಎಂದು ನನಗೆ ಇಷ್ಟು ದಿನ ತಿಳಿದಿರಲಿಲ್ಲ. ಭಂಡಾರ ಇದೇ ಲಕೋಟೆಯಲ್ಲಿದೆ. ಅವರು ಕೊಟ್ಟಿದ್ದು ಎಂದು ಹೇಳಬಾರದಿತ್ತು, ಹೇಳಿದ್ದೇನೆ. ಹಚ್ಚಿಕೊಂಡು ಆಡು.